ಬಾವಿಕಟ್ಟೆಯ ಜವಾರಿ ಹತ್ತಿ

ಧರೂರಿನ ಸಂತೆಯಲ್ಲಿ ಬಳೆ ಇಡಿಸಿಕೊಳ್ಳಲು ಕೂತರೆ ಶೇಖಮ್ಮ ಬಲಗೈ ಹೆಬ್ಬೆರಳನ್ನು ಮಡಚಿಕೊಂಡೇ ಕೈ ಚಾಚುತ್ತಾಳೆ. ಇಲ್ಲದಿದ್ದರೆ ಬಳೆಗಾರತಿಗೆ ಗೀರು ಬೀಳುತ್ತದೆ. ಉಳಿದ ಒಂಬತ್ತು ಉಗುರುಗಳು ಕೆಲಸಕ್ಕೆ ಸವೆದು ಮೊಂಡಾಗಿವೆ. ಆ ಒಂದು ಮಾತ್ರ ಉದ್ದ ಬೆಳೆದು, ಅಂಚು ಚೂಪಾಗಿ, ಶ್ರಾವಣದಿಂದ ದೀಪಾವಳಿಯವರೆಗೆ ಹಳದಿ ಹತ್ತಿಕೊಂಡಿರುತ್ತದೆ. ಗದ್ವಾಲ ಸೀಮೆಯಲ್ಲಿ ಬೀಜದ ಹತ್ತಿ ಬೆಳೆಯುವ ಹೆಂಗಸರ ಹೆಬ್ಬೆರಳೆಲ್ಲ ಹೀಗೇ. ಅದನ್ನು ನೋಡಿ ನಗುವವರು ಯಾರಾದರೂ ಇದ್ದರೆ ಅವರು ಹೊರಗಿನವರು.

ಕೆಲಸ ಕೇಳಲು ಸುಲಭ. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಮಧ್ಯಾಹ್ನ ಹಿಡಿದು, ಸುತ್ತ ಉಗುರಿನಿಂದ ಗೆರೆ ಎಳೆದು, ಎಸಳನ್ನೂ ಅದರೊಳಗಿನ ಗಂಡುಪುಡಿಯ ಕುಚ್ಚನ್ನೂ ಟೋಪಿ ತೆಗೆದಂತೆ ಬಿಡಿಸಿ ತೆಗೆಯಬೇಕು. ನಡುವಿನ ಕಡ್ಡಿ ಮಾತ್ರ ಉಳಿಯುತ್ತದೆ. ಗುರುತಿಗೆ ಕೆಂಪು ದಾರ. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡುಹೂವನ್ನು ತಂದು ಆ ಕಡ್ಡಿಗೆ ಸವರಬೇಕು. ದಿನಕ್ಕೆ ಸಾವಿರ ಹೂವು, ಹೀಗೆ ಅರವತ್ತು ದಿನ. ಒಂದು ಮೊಗ್ಗು ತಪ್ಪಿ ತಾನೇ ಅರಳಿಕೊಂಡರೆ ಬೀಜ ಕಲಬೆರಕೆ. ಶೇಖಮ್ಮ ತಪ್ಪಿಸಿದ ಹೂವನ್ನು ತಾನೇ ಕಿತ್ತು ತೋರಿಸುವವಳು. ಅವಳ ಹೊಲದ ಬೀಜವನ್ನು ಕೊಳ್ಳುವ ಕಂಪನಿ ಅದನ್ನು ಒಂದು ಸಲವೂ ತಿರುಗಿಸಿ ಕಳಿಸಿಲ್ಲ. ಬೀಜ ಬೆಳೆಯಲು ಊರಿಗೂ ಕಂಪನಿಗೂ ನಡುವೆ ನಿಂತು ಗಂಟು ಹಾಕುವ ಆರ್ಗನೈಜರ್ ಭೀಮಣ್ಣ ಹೊಸಬರಿಗೆ ಬುದ್ಧಿ ಹೇಳುವಾಗ, 'ಹೋಗಿ ಶೇಖಮ್ಮಕ್ಕನ ಕೈ ನೋಡಿ ಬರ್ರಿ' ಎನ್ನುತ್ತಾನೆ.

ಅದೇ ಶೇಖಮ್ಮನ ಹೊಲದ ಬಾವಿಕಟ್ಟೆಯ ಮೇಲೆ ಒಂದು ಜವಾರಿ ಹತ್ತಿಯ ಗಿಡವಿತ್ತು. ಆಳೆತ್ತರ, ಸಣ್ಣ ಎಲೆ, ಹಳದಿ ಹೂವು, ಹೂವಿನ ಗಂಟಲಲ್ಲಿ ನೇರಳೆ ಕಲೆ. ಕಾಯಿ ಗೋಲಿಯಷ್ಟು. ಮಾರಲು ಬಾರದ್ದು, ಬತ್ತಿಗೆ ಮಾತ್ರ ಒಳ್ಳೆಯದು. ಉಂಡವಳ್ಳಿಯಿಂದ ಸೊಸೆಯಾಗಿ ಬಂದ ವರ್ಷ ಅತ್ತೆ ಅದರ ಬೀಜವನ್ನು ಅವಳ ಸೆರಗಿಗೆ ಹಾಕಿ, 'ಈ ಮನಿ ದೀಪ ಅಂಗಡಿ ಹತ್ತಿಲೆ ಉರಿಬಾರದು' ಎಂದಿದ್ದಳು. ಗಿಡ ಮುದಿಯಾದಾಗಲೆಲ್ಲ ಹೊಸದು ನೆಟ್ಟು ಶೇಖಮ್ಮ ಮೂವತ್ತನಾಲ್ಕು ವರ್ಷ ಆ ಮಾತು ನಡೆಸಿದ್ದಳು. ಶಿವರಾತ್ರಿಗೆ ಊರ ಮಠದ ದೀಪಗಳಿಗೂ ಅವಳದೇ ಬತ್ತಿ. ಸುತ್ತ ಮೂರು ಊರಿನಲ್ಲಿ ಆ ಜಾತಿಯ ಗಿಡ ಮತ್ತೊಂದು ಉಳಿದಿರಲಿಲ್ಲ.

ಮೊದಲು ಊರೆಲ್ಲ ಅದೇ ಇತ್ತಂತೆ. ಶೇಖಮ್ಮನ ಮಾವ ಹೇಳುತ್ತಿದ್ದ ಕತೆ: ರಾಯಚೂರಿಗೆ ರೈಲು ಬಂದ ಹೊಸದರಲ್ಲಿ ಸಮುದ್ರದಾಚೆಯ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಯಿತು. ಜವಾರಿ ಹತ್ತಿಯ ಎಳೆ ಮೋಟು. ಒಬ್ಬ ಸಾಹೇಬ ಕುದುರೆ ಮೇಲೆ ಬಂದು ವಿಲಾಯ್ತಿ ಬೀಜ ಹಂಚಿಹೋದ. ದೊಡ್ಡವರ ಮಾತು ತೆಗೆದುಹಾಕಬಾರದೆಂದು ಹಿರಿಯರು ದಾರಿಯ ಪಕ್ಕದ ನಾಲ್ಕು ಸಾಲಿಗೆ ವಿಲಾಯ್ತಿ ಹಾಕಿ, ಒಳಗೆಲ್ಲ ಜವಾರಿ ಬಿತ್ತಿದರು. ಸಾಹೇಬ ಮರುವರ್ಷ ಕುದುರೆ ಮೇಲಿಂದಲೇ ನೋಡಿ, ಖುಷಿಪಟ್ಟು, ಬರೆದುಕೊಂಡು ಹೋದ. ಮಾವ ಇಲ್ಲಿಗೆ ನಿಲ್ಲಿಸಿ ನಗುತ್ತಿದ್ದ. ಮುಂದಿನದನ್ನು ಹೇಳುತ್ತಿರಲಿಲ್ಲ. ಸಾಹೇಬರು ಹೋದ ಮೇಲೆ, ಯಾರೂ ಹೇಳದಿದ್ದರೂ, ಅದೇ ಹಿರಿಯರ ಮೊಮ್ಮಕ್ಕಳು ದಾರಿಯಿಂದ ಬಾವಿಯವರೆಗೆ ವಿಲಾಯ್ತಿಯನ್ನೇ ಬಿತ್ತಿದರು. ಜವಾರಿಗೆ ಬಾವಿಕಟ್ಟೆಯಷ್ಟೇ ಉಳಿಯಿತು.

ಈಗಿನ ಸಾಹೇಬರು ಕುದುರೆ ಮೇಲೆ ಬರುವುದಿಲ್ಲ. ಹೋದ ವರ್ಷದ ಶ್ರಾವಣದಲ್ಲಿ ಕಂಪನಿಯ ಹೊಸ ಇನ್‌ಸ್ಪೆಕ್ಟರ್ ಚಂದ್ರಕಾಂತ್ ಬೈಕನ್ನು ದಾರಿಯಲ್ಲಿ ನಿಲ್ಲಿಸಿ, ಸಾಲು ಸಾಲು ನಡೆದು, ಬಾವಿಯ ಹತ್ತಿರ ಬಂದು ನಿಂತ. ಮಕ್ತಲ್ ಕಡೆಯ ಹುಡುಗ, ಕೃಷಿ ಡಿಪ್ಲೊಮಾ ಓದಿದವನು.

"ಇದೇನ್ರಿ ಶೇಖಮ್ಮ? ಬೀಜದ ಹೊಲದಿಂದ ಐವತ್ತು ಮೀಟರ್ ಒಳಗ ಬ್ಯಾರೆ ಹತ್ತಿ ಇರಬಾರದು. ಇದನ್ನ ಕೀಳಬೇಕು."

"ಇದರ ಪುಡಿ ಅದಕ್ಕ ಹತ್ತಂಗಿಲ್ರಿ ಸಾರ. ಎರಡೂ ಹತ್ತಿನೇ, ಆದ್ರ ಕುಲ ಬ್ಯಾರೆ. ಮುಟ್ಟಿಸಿದ್ರ ಕಾಯಿ ಉದುರಿ ಬೀಳ್ತಾವ."

"ಯಾರ್ ಹೇಳಿದ್ರು?"

"ಯಾರ್ ಹೇಳಬೇಕ್ರಿ? ಇಷ್ಟು ವರ್ಷ ನೋಡೀನಿ."

ಜೊತೆಗೆ ಬಂದಿದ್ದ ಭೀಮಣ್ಣನಿಗೆ ಇದು ಬೇಡದ ತಂಟೆ. "ಶೇಖಮ್ಮಕ್ಕ, ಒಂದು ಗಿಡದ ಸಲುವಾಗಿ ಯಾಕ ಹಟ? ಬತ್ತಿ ಗದ್ವಾಲದಾಗ ಪಾಕೀಟಿನ್ಯಾಗ ಸಿಗ್ತಾವ" ಎಂದ. ಶೇಖಮ್ಮ ಅವನ ಕಡೆ ನೋಡಲೂ ಇಲ್ಲ. ಚಂದ್ರಕಾಂತನಿಗೆ, "ಇಪ್ಪತ್ತು ಹೂವು ಬಿಡಿಸಿಡ್ತೀನಿ. ನಾಳಿ ಮುಂಜಾನಿ ನಿಮ್ಮ ಕಣ್ಮುಂದ ಜವಾರಿ ಪುಡಿ ಹಚ್ಚತೀನಿ. ಹತ್ತು ದಿನ ಬಿಟ್ಟು ಬಂದು ನೋಡ್ರಿ. ಒಂದು ಕಾಯಿ ನಿಂತ್ರೂ ನಾನೇ ಗಿಡ ಕೀಳತೀನಿ" ಎಂದಳು.

ಹುಡುಗನಿಗೂ ಕುತೂಹಲ. ಓದಿದ್ದರಲ್ಲಿ ಅಂಥದೇನೋ ಇತ್ತೆಂದು ಅರೆಬರೆ ನೆನಪು, ಆದರೆ ಖಾತ್ರಿಯಿಲ್ಲ. ಮರುದಿನ ಒಂಬತ್ತಕ್ಕೆ ಬಂದ. ಬಾವಿಯ ಪಕ್ಕದ ಸಾಲಿನಲ್ಲಿ ಅವಳು ಜವಾರಿ ಹೂವನ್ನು ಇಪ್ಪತ್ತು ಕಡ್ಡಿಗೂ ಸವರಿದಳು. ಅವನು ತನ್ನ ಕೈಯಾರೆ ಇಪ್ಪತ್ತಕ್ಕೂ ಕಪ್ಪು ದಾರ ಕಟ್ಟಿದ, ಫೋಟೊ ತೆಗೆದುಕೊಂಡ, ಹೋದ. ಅವನ ಬೈಕು ತಿರುವು ದಾಟಿದ ಮೇಲೆ ಶೇಖಮ್ಮ ಗಂಡುಹೂವಿನ ಬುಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಿನದ ಕೆಲಸಕ್ಕೆ ಇಳಿದಳು. ತಡವಾಗಿತ್ತು. ಹನ್ನೊಂದರೊಳಗೆ ಎಲ್ಲ ಮುಗಿಯಬೇಕು, ಬಿಸಿಲೇರಿದರೆ ಪುಡಿ ಸಾಯುತ್ತದೆ.

ನಾಲ್ಕನೆಯ ದಿನದಿಂದ ಕಪ್ಪು ದಾರದ ಮಿಡಿಗಳು ಹಳದಿಗಟ್ಟಿ ಉದುರತೊಡಗಿದವು. ಪ್ರತಿ ಸಂಜೆ ಹೋಗಿ ಎಣಿಸಿ ಬರುತ್ತಿದ್ದಳು. ಎಂಟನೆಯ ದಿನಕ್ಕೆ ಹತ್ತೊಂಬತ್ತು ಬಿದ್ದಿದ್ದವು. ಇಪ್ಪತ್ತನೆಯದು ಬೀಳಲಿಲ್ಲ. ಅಡಿಕೆಯಷ್ಟಾಗಿ, ಹಸಿರಾಗಿ, ಗಟ್ಟಿಯಾಗಿ ನಿಂತಿತ್ತು.

ಅವಳು ಕಪ್ಪು ದಾರಗಳನ್ನು ಮತ್ತೊಮ್ಮೆ ಎಣಿಸಿದಳು. ಗಂಡ ದೇವೇಂದ್ರಪ್ಪ ಮೋಟರು ಬಂದ್ ಮಾಡಿ ಬಂದವನು ನೋಡಿದ.

"ಕಿತ್ತು ಒಗಿ. ಹತ್ತೊಂಬತ್ತು ಬಿದ್ದಾವ, ಇದೂ ಬಿದ್ದೈತಿ ಅಂದ್ರಾತು. ಯಾರಿಗೆ ತಿಳಿತೈತಿ?"

"ದಾರ ಅವನ ಕೈಲೆ ಕಟ್ಟಿಸೀನಿ."

"ದಾರ ಇರತೈತಲ್ಲ. ಕಾಯಿ ಅಷ್ಟ ಇರಂಗಿಲ್ಲ."

ಮಾತು ಸರಿಯೇ. ಅವನ ಮುತ್ತಜ್ಜ ಸಾಹೇಬನಿಗೆ ಮಾಡಿದ್ದಕ್ಕಿಂತ ಇದು ಸಣ್ಣದು. ಆದರೆ ಆ ಹಿರಿಯರು ಸಾಹೇಬನ ಕಣ್ಣು ತಪ್ಪಿಸಿದ್ದು ಆಸೆಗಲ್ಲ, ದೊಡ್ಡವರ ಮಾತಿನ ಮರ್ಯಾದೆಗೆ. ಇವಳಿಗೆ ಮರ್ಯಾದೆ ಇದ್ದದ್ದು ತಪ್ಪಿದ ಹೂವನ್ನು ಮುಚ್ಚಿಡದ ಕೈಯಲ್ಲಿ. ಶೇಖಮ್ಮ ಕಾಯಿ ಮುಟ್ಟಲಿಲ್ಲ.

ಹತ್ತನೆಯ ದಿನ ಚಂದ್ರಕಾಂತ್ ಬಂದು ಬಹಳ ಹೊತ್ತು ಕೂತು ನೋಡಿದ. "ಇಪ್ಪತ್ತರಾಗ ಒಂದು ಅಂದ್ರ ನೂರಕ್ಕ ಐದು. ನೂರಕ್ಕ ಎರಡು ಬಂದ್ರೂ ಕಂಪನಿ ತಡಕಳ್ಳಂಗಿಲ್ರಿ" ಎಂದ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಕಾಯಿ ಒಡೆದು ನೋಡಿದರೆ ತಿಳಿಯುವುದಿಲ್ಲವೇ ಎಂದು ಭೀಮಣ್ಣ ಕೇಳಿದ. ಇಲ್ಲ, ಕಾಯಿ ತಾಯಿಯಂತೆಯೇ ಇರುತ್ತದೆ, ತಂದೆ ಯಾರೆಂದು ತಿಳಿಯಲು ಅದರ ಬೀಜ ಬಿತ್ತಿ ಮುಂದಿನ ವರ್ಷದ ಹೂವು ನೋಡಬೇಕು ಎಂದು ಶೇಖಮ್ಮನೇ ಹೇಳಿದಳು. ಅಷ್ಟು ಕಾಯುವ ರೂಲು ಯಾವ ಕಂಪನಿಯಲ್ಲೂ ಇಲ್ಲ. ಅವಳು ಸೆರಗು ಸಿಕ್ಕಿಸಿ, ಬುಡ ಅಗೆದು, ಗಿಡವನ್ನು ಎರಡೂ ಕೈಯಿಂದ ಎಳೆದು ಹಾಕಿದಳು. ಅದರ ಮೇಲಿದ್ದ ಎಳೆಗಾಯಿ ಯಾವುದೂ ಬಲಿತಿರಲಿಲ್ಲ.

ಆ ವರ್ಷವೂ ಅವಳ ಬೀಜ ಪಾಸಾಯಿತು. ಶಿವರಾತ್ರಿಗೆ ಪಾಕೀಟಿನ ಹತ್ತಿಯಿಂದ ಬತ್ತಿ ಹೊಸೆದಳು. ದೀಪ ಎಂದಿನಂತೆಯೇ ಉರಿಯಿತು. ಅದಕ್ಕೇ ಅವಳಿಗೆ ಹೆಚ್ಚು ಸಂಕಟವಾಯಿತು.

ಆದರೆ ಅತ್ತೆ ಕಲಿಸಿದಂತೆ ಜವಾರಿಯ ಹಿಂದಿನ ವರ್ಷದ ಬೀಜ ಬೂದಿಯ ಕುಡಿಕೆಯಲ್ಲಿ ಯಾವಾಗಲೂ ಇರುತ್ತಿತ್ತು. ಕಪ್ಪು ದಾರದ ಆ ಒಂದು ಕಾಯಿಯ ಬೀಜವನ್ನೂ ಕಟ್ಟಿಟ್ಟಿದ್ದಳು. ಮೃಗಶಿರೆ ಮಳೆಗೆ ಮಠದ ಅಯ್ಯ ಕರಿಬಸಯ್ಯನವರನ್ನು ಕೇಳಿ, ಮಠದ ಹಿತ್ತಲಲ್ಲಿ ಎರಡನ್ನೂ ಊರಿದಳು. ಹಿತ್ತಲಿಂದ ಹತ್ತಿರದ ಬೀಜದ ಹೊಲಕ್ಕೆ ಐವತ್ತಲ್ಲ, ಇನ್ನೂರು ಮೀಟರ್. ಅಳೆಯಲು ಚಂದ್ರಕಾಂತನನ್ನೇ ಕರೆತಂದಿದ್ದಳು.

ಭಾದ್ರಪದದಲ್ಲಿ ಕಪ್ಪು ದಾರದ ಗಿಡಗಳು ಹೂ ಬಿಟ್ಟವು. ಅಗಲ ಹೂವು, ಕಂಪನಿ ಹತ್ತಿಯ ಕೆನೆ ಬಣ್ಣ. ಗಂಟಲಲ್ಲಿ ನೇರಳೆ ಕಲೆ ಒಂದರಲ್ಲೂ ಇಲ್ಲ. ಚಂದ್ರಕಾಂತ್ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಅರಳಿಸಿ ನೋಡಿದ.

"ಇದರಾಗ ಜವಾರಿ ಹತ್ತಿಲ್ರಿ. ನೀವು ಹೇಳಿದ್ದೇ ಖರೆ. ಮತ್ತ ಆ ಹೂವಿಗೆ ಗಂಡುಹೂವು ಮುಟ್ಟಿಸಿದವ್ರು ಯಾರು?"

ಶೇಖಮ್ಮನಿಗೆ ಬೆಳಿಗ್ಗೆ ಮೊದಲ ಹೂವು ಕಂಡಾಗಲೇ ತಿಳಿದುಹೋಗಿತ್ತು. ಅಂದು ಅವನ ಬೈಕು ತಿರುವು ದಾಟಿದ ಮೇಲೆ, ಅವಸರದಲ್ಲಿ, ಅವಳು ಕೆಲಸ ಹಿಡಿದದ್ದು ಬಾವಿಯ ಪಕ್ಕದ ಸಾಲಿನಿಂದಲೇ.

"ನಾನೇ ರೀ. ಆ ಒಂದರ ದಾರ ಕೆಂಪೋ ಕರೇದೋ ಕೈ ನೋಡಿಲ್ಲ. ಬಿಡಿಸಿದ ಹೂವು ಕಂಡ್ರ ಅದು ತಾನೇ ಹೋಗತೈತಿ."

ಬಾವಿಕಟ್ಟೆಯ ಮಾತು ಇಬ್ಬರೂ ಎತ್ತಲಿಲ್ಲ, ರೂಲು ಇದ್ದ ಹಾಗೇ ಇತ್ತು.

ಅವನು ಹೋದ ಮೇಲೆ ಅವಳು ಪಕ್ಕದ ಸಾಲಿಗೆ ಬಂದಳು. ಜವಾರಿ ಗಿಡಗಳು ಮೊಣಕಾಲೆತ್ತರ ಬಂದು ಮೊದಲ ಮೊಗ್ಗು ಹಿಡಿದಿದ್ದವು. ಒಂದು ಮೊಗ್ಗನ್ನು ಪ್ರೀತಿಯಿಂದ ಎರಡು ಬೆರಳಲ್ಲಿ ಹಿಡಿದು, ಹಿತ್ತಲಿಗೆ ಬಂದ ಕರಿಬಸಯ್ಯನವರೊಡನೆ ಬತ್ತಿಯ ಮಾತಾಡುತ್ತ ನಿಂತಳು. ಮಾತು ಮುಗಿಸಿ ನೋಡಿದರೆ ಹಳದಿ ಎಸಳ ಟೋಪಿ ಅಂಗೈಯಲ್ಲಿತ್ತು. ಗಿಡದಲ್ಲಿ ಬೋಳು ಕಡ್ಡಿ ಉಳಿದಿತ್ತು.

ಅಂದಿನಿಂದ ಅವಳು ಮಠದ ಹಿತ್ತಲಿಗೆ ಹೋಗುವಾಗ ಬಲಗೈಗೆ ಸೆರಗು ಸುತ್ತಿಕೊಳ್ಳುತ್ತಾಳೆ. ಆ ಗಿಡಗಳನ್ನು ಮುಟ್ಟುವುದು ಎಡಗೈಯಿಂದ ಮಾತ್ರ.