ಕೊನೆಯ ಸಾಲಿನಲ್ಲಿ ಎತ್ತಿದ ಕೈ

ಜ್ಯೇಷ್ಠಮಧುವಿನದು ಅಂಥ ಜೋರು ವಾಸನೆಯೇನಲ್ಲ. ತೀರಾ ಹತ್ತಿರ ಬಂದರೆ ಮಾತ್ರ ಗೊತ್ತಾಗುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಮಣ್ಣು. ಇವತ್ತು ಮಧ್ಯಾಹ್ನ ನಮ್ಮ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಅದು ಮೂಗಿಗೆ ಸೋಕಿದಾಗ ನಾನು ಕುರ್ಚಿ ಸಾಲುಗಳ ನಡುವೆ ನಿಂತು ಯಾರ ಜೊತೆಗೋ ವಾದ ಮಾಡುತ್ತಿದ್ದೆ. ನಾಳೆ ಬೆಳಿಗ್ಗೆ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಅವರನ್ನು ಬರಮಾಡಿಕೊಂಡು, ಗ್ರಂಥಾಲಯ ಎಲ್ಲಿದೆ, ಹಾಸ್ಟೆಲ್ಲಿನ ನಿಯಮ ಏನು, ಕಷ್ಟ ಬಂದರೆ ಯಾರ ಬಾಗಿಲು ತಟ್ಟಬೇಕು ಎಂದೆಲ್ಲ ತಿಳಿಸಿಕೊಡುವ ಓರಿಯಂಟೇಶನ್ ಈ ವರ್ಷ ನನ್ನ ತಲೆಗೆ ಬಿದ್ದಿದೆ. ಬ್ಯಾನರಿನಲ್ಲಿ ಅತಿಥಿಗಳ ಹೆಸರು ಸಣ್ಣದಾಯಿತೆಂದು ಒಬ್ಬರ ತಕರಾರು, ಉಪ್ಪಿಟ್ಟೋ ಅವಲಕ್ಕಿಯೋ ಎಂದು ಇನ್ನೊಬ್ಬರ ಗಂಭೀರ ಚರ್ಚೆ. ಅಷ್ಟರಲ್ಲಿ, ಸ್ವಾಗತದ ಮಾತಾಡಬೇಕಿದ್ದ ಕೊನೆಯ ವರ್ಷದ ಹುಡುಗಿ ಪಕ್ಕಕ್ಕೆ ಬಂದು ನಿಂತಳು. ಹಾವೇರಿ ಕಡೆಯವಳು. ದವಡೆಯಲ್ಲಿ ಜ್ಯೇಷ್ಠಮಧುವಿನ ಕಡ್ಡಿ.

"ಮೇಡಂ, ನನ್ ಕಡೆ ಆಗಂಗಿಲ್ರಿ. ಬ್ಯಾರೆ ಯಾರಿಗರ ಹೇಳ್ರಿ."

ಗಂಟಲು ಕಟ್ಟಿದೆ ಎಂದಳು. ಕೈಕೊಟ್ಟಿದ್ದು ಗಂಟಲಲ್ಲ, ಧೈರ್ಯ ಎಂದು ನನಗೆ ಅವಳ ಮುಖ ನೋಡಿದ ಕೂಡಲೇ ತಿಳಿಯಿತು. ಆ ಮುಖದ ಪರಿಚಯ ನನಗೆ ಚೆನ್ನಾಗಿಯೇ ಇದೆ. ಆದರೆ ನನ್ನ ಮನಸ್ಸು ಆಗಲೇ ಆ ವಾಸನೆಯ ಹಿಂದೆ ಶಿರಸಿಯ ಪೇಟೆಬೀದಿಗೆ ಹೊರಟುಹೋಗಿತ್ತು...

ಅಲ್ಲಿ ನಮ್ಮ ಬಾಡಿಗೆ ಮನೆಗೆ ತಾಗಿಕೊಂಡೇ ಒಂದು ಬಟ್ಟೆ ಅಂಗಡಿಯಿತ್ತು. ಮೇಜಿನ ಮೇಲೆ ಕತ್ತರಿ, ಮೀಟರ್ ಪಟ್ಟಿ, ಅವುಗಳ ಪಕ್ಕ ಒಂದು ಹಿತ್ತಾಳೆ ಡಬ್ಬಿ. ಡಬ್ಬಿಯ ತುಂಬ ಗಂಟಲಿಗೆ ಒಳ್ಳೆಯದೆಂದು ಜಗಿಯುವ ಜ್ಯೇಷ್ಠಮಧು. ಅಂಗಡಿಯವರಿಗೂ ನಮಗೂ ನೆಂಟಸ್ತನವೇನೂ ಇರಲಿಲ್ಲ. ಆದರೂ ನನಗೆ ಅವರು ಮಾವ, ಅವರ ಹೆಂಡತಿ ಅತ್ತೆ. ಹಗಲೆಲ್ಲ ಅಂಗಿ ಬಟ್ಟೆ ಅಳೆದು ಹರಿದು ಕೊಡುತ್ತಿದ್ದ ಮನುಷ್ಯ ರಜೆಯ ದಿನ ತಾಳಮದ್ದಲೆಯಲ್ಲಿ ಕೂತರೆ ರಾಜನಾಗಿಬಿಡುತ್ತಿದ್ದರು. ತಾಳಮದ್ದಲೆಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥ ಹೇಳುವವರು ಪಂಚೆ ಶಾಲಿನಲ್ಲಿ ಕೂತಲ್ಲೇ ಕೂತು ಮಾತಾಡುತ್ತಾರೆ. ಅರಮನೆ, ಕಾಡು, ಯುದ್ಧ, ಎಲ್ಲವನ್ನೂ ಬರೀ ಮಾತಿನಲ್ಲೇ ಎಬ್ಬಿಸಿ ನಿಲ್ಲಿಸಬೇಕು.

ಸಣ್ಣವಳಿದ್ದಾಗ ಅಪ್ಪ ನನ್ನನ್ನು ಸಿದ್ದಾಪುರದಾಚೆಯ ಮನ್ಮನೆಗೆ ಒಂದು ತಾಳಮದ್ದಲೆ ಕೇಳಲು ಕರೆದುಕೊಂಡು ಹೋಗಿದ್ದರು. ಮಧ್ಯಾಹ್ನದ ಊಟ ಗಡದ್ದಾಗಿ ಆಗಿತ್ತು. ಅರ್ಧ ಸಭೆ ಕಂಬಕ್ಕೊರಗಿ ತೂಕಡಿಸುತ್ತಿತ್ತು. ಮಾವ ಬಾಯಿ ತೆರೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಮೈಕಿನವನು ಎದ್ದು ಓಡಿದ. ಮಾವ ಅವನ ಕಡೆ ತಿರುಗಿಯೂ ನೋಡಲಿಲ್ಲ. ಕೂಗಲೂ ಇಲ್ಲ. ಅದೇ ಹದದಲ್ಲಿ ಮಾತಾಡುತ್ತಾ ಹೋದರು, ಅಷ್ಟೆ. ಹೊರಗೆ ಚಪ್ಪಲಿ ಬಿಡುವಲ್ಲಿ ನಿಂತಿದ್ದವರು ಕೂಡ ಬೀಡಿ ಆರಿಸಿ ಒಳಗೆ ಬಂದರು. ಮನುಷ್ಯನ ಬಾಯಿಂದ ಇಂಥದ್ದೂ ಹೊರಡುತ್ತದೆಯೇ ಎಂದು ನಾನು ಬಾಯಿ ಬಿಟ್ಟುಕೊಂಡು ಕೂತಿದ್ದು ಇವತ್ತಿಗೂ ನೆನಪಿದೆ. ಮರುದಿನ ಅದೇ ಮನುಷ್ಯ ಅಂಗಡಿಯಲ್ಲಿ ನನ್ನ ಲಂಗಕ್ಕೆ ಬಟ್ಟೆ ಹರಿಯುವುದನ್ನು ನೋಡಿ ನನಗೆ ನಂಬಿಕೆಯೇ ಬರಲಿಲ್ಲ.

ಆ ದನಿ ಹೋಯಿತು. ನಾನು ಕಾಲೇಜಿನಲ್ಲಿದ್ದಾಗ ಅವರ ಗಂಟಲಿಗೆ ಕಾಯಿಲೆ ಬಂತು, ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಮಾತಾಡಲು ಹೋದರೆ ಬರೀ ಉಸಿರು. ಊರೆಲ್ಲ ಅಯ್ಯೋ ಎಂದಿತು, ಬೇಕಾದವರೂ ಎದುರು ಸಿಕ್ಕಿದರೆ ದಾರಿ ಬದಲಿಸಿದರು. ಮಾವನ ಜೊತೆ ಹೇಗೆ ಮಾತಾಡುವುದೆಂದು ಪಾಪ ಅವರಿಗೂ ತಿಳಿಯದು.

ಅತ್ತೆ ಮಾತ್ರ ಕಣ್ಣೀರು ಒರೆಸಿಕೊಂಡು ಅಂಗಡಿಯ ಮೇಜಿಗೆ ಬಂದು ನಿಂತರು. ಮಾವನ ತುಟಿ ನೋಡುವುದು, ಗಿರಾಕಿಗೆ ಹೇಳುವುದು. ನಮ್ಮ ಹವ್ಯಕರ ಮಾತಿನಲ್ಲಿ ಬೇರೆಯವರು ಹೇಳಿದ್ದನ್ನು ಹೇಳುವಾಗ ಕೊನೆಗೊಂದು 'ಅಡ' ಸೇರುತ್ತದೆ. ಅತ್ತೆಯ ಮಾತಿನಲ್ಲಿ ಅಡ ಇದ್ದರೆ ಅದು ಮಾವನದು, ಇಲ್ಲದಿದ್ದರೆ ಅವರ ಸ್ವಂತದ್ದು. ಸ್ವಂತದ್ದೇ ಹೆಚ್ಚು ಇರುತ್ತಿತ್ತು. ಈ ಬಟ್ಟೆಯ ಬಣ್ಣ ಹೋಗುತ್ತದೆಯೇ ಎಂದು ಗಿರಾಕಿ ಕೇಳಿದರೆ, ಸ್ವಲ್ಪ ಹೋದೀತು ಎಂದು ಮಾವನ ತುಟಿ ಹೇಳುತ್ತಿತ್ತು. ಒಂದು ಚೂರೂ ಹೋಗುವುದಿಲ್ಲ ಎಂದು ಅತ್ತೆ. ಮಾವ ಹಿಂದಿನಿಂದ ಎರಡೂ ಕೈ ಅಲ್ಲಾಡಿಸುತ್ತಿದ್ದರು. ಗಿರಾಕಿಗಳು ನಗುತ್ತಾ ಬಟ್ಟೆ ಒಯ್ಯುತ್ತಿದ್ದರು.

ನನ್ನ ಕಷ್ಟ ಮಾವನದಕ್ಕೆ ಪೂರಾ ತಿರುಗುಮುರುಗು. ಗಂಟಲು ಗಟ್ಟಿ, ಮಾತೇ ಇಲ್ಲ. ಮನೆಯಲ್ಲಿ ವಟವಟ ಅನ್ನುವವಳು ನಾಲ್ಕು ಜನರ ಎದುರು ನಿಂತರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಕಾಲೇಜಿನ ಬೀಳ್ಕೊಡುಗೆಯಲ್ಲಿ ವಂದನಾರ್ಪಣೆಗೆಂದು ಎದ್ದು ನಿಂತು, 'ಎಲ್ಲರಿಗೂ' ಎಂದಷ್ಟೇ ಹೇಳಿ, ಮುಂದೆ ಒಂದಕ್ಷರವೂ ಹೊರಡದೆ ಕೂತು ಅತ್ತಿದ್ದೆ. ಆಮೇಲೆ ಎಂ.ಎ.ಗೆ ಸೀಟು ಸಿಕ್ಕಿತು. ಮನೆಯವರಿಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ, ಅಲ್ಲೇ ಓದುತ್ತಿದ್ದ ನಮ್ಮ ಬೀದಿಯ ಹುಡುಗಿಯೊಬ್ಬಳು ಬಂದು, ಮೊದಲ ದಿನವೇ ದೊಡ್ಡ ಸಭಾಂಗಣದಲ್ಲಿ ಹೊಸಬರೆಲ್ಲ ಒಬ್ಬೊಬ್ಬರಾಗಿ ವೇದಿಕೆ ಹತ್ತಿ ತಮ್ಮ ಪರಿಚಯ ಹೇಳಿಕೊಳ್ಳಬೇಕೆಂದು ಸಂಭ್ರಮದಿಂದ ತಿಳಿಸಿ ಹೋದಳು. ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಕೊನೆಗೆ, ಹೋಗುವುದೇ ಬೇಡ ಎಂದು ನಿಶ್ಚಯ ಮಾಡಿದೆ. ಅಮ್ಮನಿಗೆ ಹೇಳಲು ಹೆದರಿ, ಅಂಗಡಿಗೆ ಹೋಗಿ ಅತ್ತೆಯ ಹತ್ತಿರ ಹೇಳಿಕೊಂಡೆ. ಬಟ್ಟೆ ಮಡಿಸುತ್ತಿದ್ದ ಮಾವನ ಕೈ ನಿಂತಿತು. ತುಟಿ ಅಲುಗಿತು.

"ನಾಳೆ ಮಧ್ಯಾಹ್ನ ಅಂಗಡಿ ಬಾಗ್ಲು ಹಾಕಿದ್ಮೇಲೆ ಬರವಡ," ಎಂದರು ಅತ್ತೆ. ಆಮೇಲೆ ತಮ್ಮದನ್ನೂ ಸೇರಿಸಿದರು: "ಮಾತಿಲ್ದವು ಯಂಗಳ ಮನೇಲಿ ಒಬ್ರಿದ್ದು ಸಾಕು."

ಹೀಗೆ ಪಾಠ ಶುರುವಾಯಿತು. ಬಟ್ಟೆ ಅಂಗಡಿಯೆಂದರೆ ದನಿಯನ್ನು ನುಂಗುವ ಜಾಗ. ಮೂರು ಗೋಡೆಗೂ ಥಾನುಗಟ್ಟಲೆ ಬಟ್ಟೆ. ಮಾತಾಡಿದರೆ ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ನಾನು ಒಳಗಿನ ತುದಿಯಲ್ಲಿ ನಿಲ್ಲಬೇಕು, ಮಾವ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂರುತ್ತಾರೆ. ನನ್ನ ಮಾತು ಅವರಿಗೆ ಮುಟ್ಟಿದರೆ ಕೈ ಎತ್ತುತ್ತಾರೆ, ಮುಟ್ಟದಿದ್ದರೆ ಕೈ ಮಡಿಲಲ್ಲೇ. ಅಷ್ಟೇ ನಿಯಮ. ಹೇಳಬೇಕಾದದ್ದು ನನ್ನ ಪೀಠಿಕೆ. ತಾಳಮದ್ದಲೆಯಲ್ಲಿ ಪಾತ್ರಧಾರಿ ಮೊದಲ ಸಲ ಬಾಯಿ ತೆರೆದಾಗ ತಾನು ಯಾರು, ಯಾಕೆ ಇಲ್ಲಿಗೆ ಬಂದೆ ಎಂದು ಹೇಳಿಕೊಳ್ಳುವ ಮಾತಿಗೆ ಪೀಠಿಕೆ ಎನ್ನುತ್ತಾರೆ. ವಿಶ್ವವಿದ್ಯಾಲಯದವರು ಕೇಳುತ್ತಿರುವುದೂ ಅದನ್ನೇ, ಅದರಲ್ಲಿ ಹೆದರುವಂಥದ್ದೇನಿದೆ ಎಂದು ಮಾವನ ಅಭಿಪ್ರಾಯ.

ನಾನು ಶುರುಮಾಡಿದೆ. ಇಂಥವರ ಮಗಳು, ಇಂಥವರ ಮೊಮ್ಮಗಳು, ಮೂಲ ಸಿದ್ದಾಪುರ ಸೀಮೆ, ಅಜ್ಜನ ಮನೆ ಭೈರುಂಬೆ ಹತ್ತಿರ, ಮಠ ಸ್ವರ್ಣವಲ್ಲಿ... ನಮ್ಮವರು ಇಬ್ಬರು ಎಲ್ಲಿ ಸಿಕ್ಕಿದರೂ ಮೊದಲು ಕೆದಕುವುದು ಇದನ್ನೇ, ಹಾಗಾಗಿ ನನಗೆ ಪರಿಚಯವೆಂದರೆ ಇದೇ ಆಗಿತ್ತು. ಮಾವನ ಕೈ ಮಡಿಲು ಬಿಟ್ಟು ಏಳಲಿಲ್ಲ. ಅತ್ತೆ ಅವರ ತುಟಿಯನ್ನೂ ನೋಡದೆ ತೀರ್ಪು ಕೊಟ್ಟರು.

"ಕೂಸೇ, ಅಪ್ಪ ಆತು, ಅಜ್ಜ ಆತು, ಮಠನೂ ಆತು. ನೀ ಯಾರು ಹೇಳಿ ಇನ್ನೂ ಗೊತ್ತಾಜಿಲ್ಲೆ."

ದಿನಾ ಮಧ್ಯಾಹ್ನ ಹೋದೆ. ಮಾವ ಕೇಳುವ ರೀತಿಯೇ ಬೇರೆ. ಕಣ್ಣು, ಹುಬ್ಬು, ಮುಂದಕ್ಕೆ ಬಾಗಿದ ಹೆಗಲು, ಎಲ್ಲವೂ ಕೇಳುತ್ತಿದ್ದವು. ನನ್ನ ಮಾತನ್ನು ಅಷ್ಟು ಪೂರ್ತಿಯಾಗಿ ಅದುವರೆಗೆ ಯಾರೂ ಕೇಳಿರಲಿಲ್ಲ. ದನಿ ಕಳೆದುಕೊಂಡವರಿಗೆ ನನ್ನ ದನಿಯ ಮೇಲೆ ಹೊಟ್ಟೆಕಿಚ್ಚಾಗಬಾರದೇ, ಕನಿಷ್ಠ ಬೇಸರವಾದರೂ ಆಗಬಾರದೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಂಥದ್ದೊಂದು ನೆರಳೂ ಆ ಮುಖದಲ್ಲಿ ಕಾಣಲಿಲ್ಲ. ಕೈ ಒಮ್ಮೊಮ್ಮೆ ಎದೆಯ ತನಕ ಏಳುತ್ತಿತ್ತು, ಮತ್ತೆ ಇಳಿಯುತ್ತಿತ್ತು.

ಹೊರಡುವ ದಿನ ಹತ್ತಿರ ಬಂದಾಗ ಮಾವ ನನ್ನನ್ನೂ ಅತ್ತೆಯನ್ನೂ ಯಲ್ಲಾಪುರದ ಬಸ್ಸು ಹತ್ತಿಸಿ ತಾವೂ ಹತ್ತಿದರು. ಅಲ್ಲೊಂದು ದೇವಸ್ಥಾನದ ಸಭಾಮಂಟಪದಲ್ಲಿ ಮಧ್ಯಾಹ್ನ ತಾಳಮದ್ದಲೆಯಿತ್ತು. ಆಪರೇಶನ್ ಆದ ಮೇಲೂ ಅವರು ಇಂಥಲ್ಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಕೊನೆಯ ಕಂಬದ ಬುಡದಲ್ಲಿ ಕೂತು ಕೇಳಿ ಬರುತ್ತಿದ್ದರು. ನಾವು ಹೋದಾಗ ಮಂಟಪ ಖಾಲಿ. ಇಬ್ಬರು ಜಮಖಾನ ಹಾಸುತ್ತಿದ್ದರು. ಮದ್ದಲೆ ಇನ್ನೂ ಚೀಲದಲ್ಲೇ ಇತ್ತು. ಅರ್ಥಧಾರಿಗಳು ಕೂರುವ ಜಾಗ ತೋರಿಸಿ, ಅಲ್ಲಿ ಕೂತು ಹೇಳು ಎಂದು ಮಾವ ಸನ್ನೆ ಮಾಡಿ, ತಾವು ಕೊನೆಯ ಕಂಬಕ್ಕೆ ಹೋದರು.

ಕೂತೆ. ಜಮಖಾನದವರು ನನ್ನ ಕಡೆ ನೋಡಿದರು. ಆಯಿತಲ್ಲ, ಮುಗಿಯಿತು. 'ನಾನು' ಎಂದೆ, ಮುಂದಿನದು ಗಂಟಲಲ್ಲೇ ಕೂತಿತು. ಮಾವನ ಕೈ ಏಳಲಿಲ್ಲ. ನನಗೆ ಅಳು ಬಂತು.

"ಯನ್ನ ಹತ್ರ ಆಗ್ತಿಲ್ಲೆ ಅತ್ತೆ. ಆನು ಹೋಗ್ತಿಲ್ಲೆ."

ಮಾವ ಕಂಬದ ಬುಡದಿಂದ ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ. ನನ್ನನ್ನು ಸನ್ನೆಯಲ್ಲೇ ಎಬ್ಬಿಸಿ, ಶಾಲು ಸರಿಮಾಡಿಕೊಂಡು, ಆ ಜಾಗದಲ್ಲಿ ತಾವೇ ಕೂತರು. ದನಿ ಹೋದ ಮೇಲೆ ಅವರು ಅಲ್ಲಿ ಕೂತದ್ದು ಅದೇ ಮೊದಲು. ಕಣ್ಣು ಮುಚ್ಚಿ ತೆರೆದರು. ಪೀಠಿಕೆ ಶುರುಮಾಡಿದರು.

ಒಂದು ಶಬ್ದವಿಲ್ಲ. ಬರೀ ಉಸಿರು, ತುಟಿ, ಕಣ್ಣು, ಬಲಗೈಯ ಬೆರಳು. ಆದರೆ ಅದು ರಾಜನೊಬ್ಬನ ಮಾತು ಎಂದು ನನಗೆ ಗೊತ್ತಾಯಿತು. ಅವನು ಏನನ್ನೋ ಕಳೆದುಕೊಂಡಿದ್ದಾನೆ, ಅದಕ್ಕಾಗಿ ಯಾರ ಎದುರೂ ಕೈಚಾಚಲಾರ ಎಂದೂ ಗೊತ್ತಾಯಿತು. ಜಮಖಾನದವರು ಅರ್ಧ ಬಿಚ್ಚಿದ ಸುರುಳಿ ಹಿಡಿದು ಹಾಗೇ ನಿಂತರು. ಆಗಷ್ಟೇ ಒಳಗೆ ಬಂದ ಭಾಗವತರು ಚಪ್ಪಾಳೆ ತಟ್ಟಲಿಲ್ಲ, ಮಾತಾಡಿಸಲಿಲ್ಲ, ತಾಳವನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿದರು. ನಾನು ಅಭ್ಯಾಸಬಲದಿಂದ ಅತ್ತೆಯ ಕಡೆ ತಿರುಗಿದೆ. ಮಾವನ ಪ್ರತಿ ಮಾತನ್ನೂ ಊರಿಗೆ ಮುಟ್ಟಿಸುತ್ತಿದ್ದ ಅತ್ತೆ ಅವತ್ತು ಬಾಯಿ ತೆರೆಯಲಿಲ್ಲ. ತೆರೆಯುವ ಅಗತ್ಯವೇ ಇರಲಿಲ್ಲ. ನನ್ನ ಮೈಮೇಲಿನ ರೋಮ ಎದ್ದು ನಿಂತಿತ್ತು. ದೇವರ ಎದುರಲ್ಲೂ ನಾನು ಅಷ್ಟು ಸಣ್ಣವಳಾಗಿ ನಿಂತಿಲ್ಲ, ಅಷ್ಟು ಸಂತೋಷದಿಂದಲೂ ನಿಂತಿಲ್ಲ.

ಮುಗಿಸಿದ ಮಾವ ಏನೂ ಆಗದವರಂತೆ ಎದ್ದು ಮತ್ತೆ ಕೊನೆಯ ಕಂಬಕ್ಕೆ ಹೋಗಿ ಕೂತರು. ನಾನು ನನ್ನ ಜಾಗದಲ್ಲಿ ಕೂತೆ. ಕಲಿತದ್ದೆಲ್ಲ ಮರೆತುಹೋಗಿತ್ತು. ಉಳಿದದ್ದನ್ನು ಹೇಳಿದೆ.

"ನಾನು ಶಿರಸಿಯವಳು. ನಾಲ್ಕು ಜನರೆದುರು ಮಾತಾಡುವುದೆಂದರೆ ನನಗೆ ಭಯ. ಭಯ ಇಟ್ಟುಕೊಂಡೇ ಓದಲು ಬಂದಿದ್ದೇನೆ."

ಮಾವನ ಕೈ ಎದ್ದಿತು. ಎದೆ ದಾಟಿತು, ತಲೆ ದಾಟಿತು, ಪೂರ್ತಿ ಎದ್ದಿತು.

ಮೊದಲ ದಿನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಹೇಳಿದ್ದೂ ಅಷ್ಟನ್ನೇ. ಕೊನೆಯ ಸಾಲಿನ ಹಿಂದೆ ಬಾಗಿಲಿಗೊರಗಿ ಯಾರೋ ಒಬ್ಬರು ನಿಂತಿದ್ದರು, ಅವರಿಗೆ ಮುಟ್ಟುವ ಹಾಗೆ ಹೇಳಿದೆ. ಕೆಲವರು ನಕ್ಕರು, ಆಮೇಲೆ ಕೆಲವರು ಬಂದು ತಮಗೂ ಹಾಗೇ ಎಂದರು. ಅವರಲ್ಲಿ ಇಬ್ಬರು ಇಂದಿಗೂ ನನ್ನ ಗೆಳತಿಯರು. ದಸರಾ ರಜೆಗೆ ಊರಿಗೆ ಬಂದವಳನ್ನು ಮಾವ ಅಂಗಡಿಯ ಒಳತುದಿಯಲ್ಲಿ ನಿಲ್ಲಿಸಿ ಎಲ್ಲವನ್ನೂ ಮತ್ತೆ ಹೇಳಿಸಿದರು. ಕೇಳಿ ಮುಗಿದ ಮೇಲೂ ಎತ್ತಿದ ಕೈ ಇಳಿಸಲಿಲ್ಲ. ಅತ್ತೆ ಅದನ್ನು ಹಿಡಿದು ಇಳಿಸಬೇಕಾಯಿತು.

ಎಂ.ಎ. ಮುಗಿಯುವ ಮೊದಲೇ ಮಾವ ಹೋದರು. ಹಳೆಯ ಕಾಯಿಲೆ ಮರಳಿತ್ತು, ನನಗೆ ತಿಳಿಸುವುದು ಬೇಡ ಎಂದಿದ್ದರಂತೆ. ನಾನು ಶಿರಸಿ ತಲುಪುವಷ್ಟರಲ್ಲಿ ಎಲ್ಲವೂ ಆಗಿಹೋಗಿತ್ತು. ಅಂಗಡಿ ಮುಚ್ಚಿತ್ತು. ಒಳಗೆ ಅತ್ತೆ ಆ ಸ್ಟೂಲಿನ ಎದುರು ನೆಲದ ಮೇಲೆ ಕೂತಿದ್ದರು. ಪಕ್ಕ ಹೋಗಿ ಕೂತೆ. ಒಂದೇ ಮಾತು ಕೇಳಿದರು.

"ಇನ್ನು ಆನು ಯಾರ ಮಾತು ಹೇಳದು?"

ಆಮೇಲೆ ಅತ್ತೆ ತಮ್ಮನ ಮನೆಗೆ ಹೋದರು, ಕೆಲವು ವರ್ಷಗಳಲ್ಲಿ ಅವರೂ ಇಲ್ಲವಾದರು. ಆ ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ...

ಹುಡುಗಿ ಇನ್ನೂ ಎದುರಿಗೇ ನಿಂತಿದ್ದಳು. ಬೇರೆಯವರಿಗೆ ಹೇಳುವುದೇನೋ ಸುಲಭವಿತ್ತು. ಮೈಕು ಬಂದ್ ಮಾಡಿಸಿದೆ. ಅವಳನ್ನು ವೇದಿಕೆಗೆ ಕಳಿಸಿ, ಮುಟ್ಟಿದರೆ ಕೈ ಎತ್ತುತ್ತೇನೆ ಎಂದು ಹೇಳಿ, ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಅವಳು ಗಣ್ಯರ ಹೆಸರುಗಳಿಂದ ಶುರುಮಾಡಿದಳು. ನನ್ನ ಕೈ ಮಡಿಲಲ್ಲೇ ಇತ್ತು. ಅವಳು ನಿಂತಳು, ನನ್ನ ಕಡೆ ನೋಡಿದಳು, ಕಡ್ಡಿಯನ್ನು ಬಾಯಿಂದ ತೆಗೆದಳು.

"ಮೊದಲ್ನೇ ದಿನ ನಾನೂ ಇಲ್ಲೇ ಕುಂತಿದ್ದೆ. ಊರಿಗೆ ಹೊಳ್ಳಿ ಹೋಗೋ ಬಸ್ ಎಷ್ಟೊತ್ತಿಗೆ ಐತಿ ಅಂತ ಬಾಜೂಕಿನವರಿಗೆ ಕೇಳಿದ್ದೆ."

ಮುಟ್ಟಿತು. ನನ್ನ ಕೈ ತಾನಾಗಿ ಎದ್ದಿತು. ಅದನ್ನು ಕಂಡು ಅವಳ ಮುಖ ಅರಳಿತು, ಮಾತು ಮುಂದುವರಿಯಿತು. ನನಗೆ ಒಮ್ಮೆ ಹಿಂದೆ ತಿರುಗಿ ನೋಡಬೇಕೆನಿಸಿತು, ನೋಡಿದೆ. ನಾನು ಕೂತ ಸಾಲಿನ ಹಿಂದೆ ಇನ್ನೊಂದು ಸಾಲಿರಲಿಲ್ಲ, ಬರೀ ಗೋಡೆಯಿತ್ತು. ಕೈ ಇಳಿಸಲಿಲ್ಲ. ಹುಡುಗಿ ಇನ್ನೂ ಮಾತಾಡುತ್ತಿದ್ದಳು.