ಟೈಲರಕ್ಕ ಕಂಡ ಕಡಲಕುದುರೆ

ಬಂದರಿನ ಹಿಂದಿನ ಗಲ್ಲಿಯಲ್ಲಿ ಟೈಲರಕ್ಕನ ಅಂಗಡಿ. ಹರಿದ ಪ್ಯಾಂಟನ್ನು ಅವಳ ಕೈಗೆ ಕೊಟ್ಟರೆ, ಆಮೇಲೆ ಹರಿದದ್ದೆಲ್ಲಿ ಅಂತ ಅದರ ಯಜಮಾನನೇ ತಡಕಾಡಬೇಕು. ಮಗಳು ಅದೇ ಬಂದರಿನಲ್ಲಿ ಡೈವಿಂಗ್ ಕಲಿಸುತ್ತಿದ್ದಳು. ಆ ರಬ್ಬರ್ ಉಡುಪುಗಳಿಗೆ ತೇಪೆ ಹಾಕುವವಳೂ ತಾಯಿಯೇ. ಒಮ್ಮೆ ಹೊಲಿದು ಮುಗಿಸಿದ ಉಡುಪನ್ನು ಸುಮ್ಮನೆ ಮೈಗೇರಿಸಿಕೊಂಡವಳು, “ಇದು ನನಗೇ ಸರಿಯಾಗಿದೆಯಲ್ಲೇ. ನನ್ನನ್ನೂ ನೀರಿಗಿಳಿಸು” ಅಂದಳು.

ಐವತ್ತು ದಾಟಿದವಳಿಗೆ ಇದೆಂಥ ಹುಚ್ಚು ಅಂತ ಅವಳ ಅಕ್ಕ ಮೂಗು ಮುರಿದಳು. ಇವಳು ಸೊಪ್ಪು ಹಾಕಲಿಲ್ಲ. ಕಿವಿ ಕಟ್ಟುವುದು, ಮಾಸ್ಕಿನೊಳಗೆ ನೀರು ನುಗ್ಗುವುದು, ಎಲ್ಲಕ್ಕೂ ಒಗ್ಗಿಕೊಂಡಳು.

ತಡೆಗೋಡೆಯ ಒಳಗೆ, ಆಳ ಕಡಿಮೆಯಿದ್ದಲ್ಲಿ, ಕಡಲಹುಲ್ಲು ಹಾಸಿಕೊಂಡಿತ್ತು. ಹಿಂದೆ ಅಲ್ಲಿ ಕುದುರೆ ಮುಖದ ಪುಟ್ಟ ಮೀನುಗಳು, ಕಡಲಕುದುರೆಗಳು, ಇದ್ದವಂತೆ. ದೋಣಿಗಳ ಲಂಗರು ಹುಲ್ಲನ್ನು ಕಿತ್ತು ಕಿತ್ತು ಹಾಕಿ, ಈಗ ಕಂಡವರೇ ಇಲ್ಲ. ಕಂಡೇ ತೀರುತ್ತೇನೆಂದು ಟೈಲರಕ್ಕ ಹಟ ಹಿಡಿದಳು.

ಮೊದಲ ಸಲ ಸಿಕ್ಕೇಬಿಟ್ಟಿತೆಂದು ಬೀಗುತ್ತಾ ಮೇಲೆ ಬಂದಳು. ತೆಗೆದ ಫೋಟೋ ನೋಡಿ ಮಗಳು ತಲೆಯಾಡಿಸಿದಳು. “ಅಮ್ಮ, ಇದು ಕೊಳವೆ ಮೀನು. ಕುದುರೆಯ ದಾಯಾದಿ ಅಷ್ಟೇ. ಇದು ನೆಟ್ಟಗೆ ಕಡ್ಡಿ ಥರ ಇರುತ್ತೆ. ಕುದುರೆ ಹಾಗಲ್ಲ, ಕತ್ತು ಬಗ್ಗಿಸಿ ನಿಂತಿರುತ್ತೆ, ಬಾಲನ ಹುಲ್ಲಿಗೆ ಸುತ್ತಿಕೊಂಡು.”

“ಅಕ್ಕ ಕುದುರೆ ತರ್ತೀನಿ ಅಂತ ಹೋಗಿ ಕಡ್ಡಿ ತಂದ್ರು” ಎಂದು ದೋಣಿಯವನು ನಕ್ಕ. ಅವಳೂ ನಕ್ಕಳು, ಆದರೆ ಒಳಗೊಳಗೇ ಚುರುಕ್ಕೆಂದಿತು.

ಆಮೇಲೆ ಅವಳು ಈಜಾಡಿ ಹುಡುಕುವುದನ್ನೇ ಬಿಟ್ಟಳು. ಬಟ್ಟೆಯ ತುಂಡು ನೋಡುವ ಹಾಗೆ ಅಂಗೈಯಗಲ ಹುಲ್ಲನ್ನು ಆರಿಸಿಕೊಂಡು, ಅಲುಗಾಡದೆ ದಿಟ್ಟಿಸುವಳು. ಎಷ್ಟೋ ಸಲ ಬರಿಗೈಯಲ್ಲಿ ಮೇಲೆದ್ದಳು. ಒಂದು ಬೆಳಗ್ಗೆ, ನೀರಿನ ಸೆಳೆತಕ್ಕೆ ಹುಲ್ಲೆಲ್ಲ ಒಂದೇ ಕಡೆ ಬಾಗುತ್ತಿದ್ದಾಗ, ಒಂದು ಎಸಳು ಮಾತ್ರ ತಡವಾಗಿ ಬಾಗಿತು. ಅದರ ಅಂಚು ನುಣುಪಾಗಿರಲಿಲ್ಲ, ಮೈತುಂಬ ಸಣ್ಣ ಸಣ್ಣ ಏಣುಗಳು. ಅಷ್ಟರಲ್ಲಿ ಒಂದು ಕಣ್ಣು ಅವಳತ್ತ ಹೊರಳಿತು.

ಅವಳು ಕೈ ಚಾಚಲಿಲ್ಲ. ಮೆಲ್ಲಗೆ ಮಗಳನ್ನು ಸನ್ನೆ ಮಾಡಿ ಕರೆದು, ಬೆರಳು ತೋರಿಸಿದಳು. ಮಗಳಿಗೆ ಹುಲ್ಲಲ್ಲದೆ ಬೇರೇನೂ ಕಾಣಲಿಲ್ಲ. ಮತ್ತೆ ತೋರಿಸಿದಳು. ಆಗ ಮಗಳ ಬಾಯಿಂದ ಗುಳ್ಳೆಗಳು ಬುಳಬುಳನೆ ಎದ್ದವು.

ದೋಣಿ ಹತ್ತಿದ ಮೇಲೆ ಟೈಲರಕ್ಕ ಕೇಳಿದಳು. “ಹೊಟ್ಟೆ ನೋಡಿದ್ಯಾ? ಪಾಪ, ತುಂಬು ಬಸುರಿ.”

“ಬಸುರಿ ಅಲ್ಲಮ್ಮ, ಗಂಡು. ಅವುಗಳಲ್ಲಿ ಮರಿ ಹೊರೋದು ಅಪ್ಪಂದಿರೇ.”

“ಒಳ್ಳೆ ಜಾತಿ” ಅಂದವಳು ಸ್ವಲ್ಪ ಯೋಚಿಸಿ, “ಹಾಗಾದ್ರೆ ಹೆಣ್ಣೂ ಇಲ್ಲೇ ಎಲ್ಲೋ ಇದೆ. ಸಂಸಾರನೇ ಇದೆ ಕಣೇ” ಅಂದಳು.

ಮಗಳು ಅಮ್ಮನ ಒದ್ದೆ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.

ಆ ವಾರವೇ ದೋಣಿ ಮಾಲೀಕರ ಸಭೆಯಲ್ಲಿ ಮಗಳು ಅಂದು ನೀರಿನಲ್ಲಿ ತೆಗೆದ ಕಡಲಕುದುರೆಯ ಫೋಟೋ ಹಿಡಿದು ನಿಂತಳು. “ನಾನು ಡೈವಿಂಗ್ ಕಲಿಸೋಳಾಗಿ ಬಂದಿಲ್ಲ. ಇದನ್ನ ಕಂಡವರ ಮಗಳಾಗಿ ಬಂದಿದ್ದೀನಿ. ಹುಲ್ಲಿನ ಮೇಲೆ ಲಂಗರು ಹಾಕಬೇಡಿ.” ಒಂದಿಬ್ಬರು ಗೊಣಗಿದರು, ಉಳಿದವರು ಒಪ್ಪಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಟೈಲರಕ್ಕನತ್ತ ಎಲ್ಲರೂ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ನೋಡುವವರೆಲ್ಲ ನೋಡಲಿ ಎಂಬಂತೆ ಕುಳಿತೇ ಇದ್ದಳು.