ಹನ್ನೆರಡು ಮನೆಗೆ ಒಂದೇ ಗ್ಯಾಸು

ಪುಣೆಯ ಹಡಪಸರದ ಕಾಲುವೆ ದಂಡೆಯ ತಗಡಿನ ಮನೆಗಳ ಸಾಲಿನಲ್ಲಿ ಚಂದಮ್ಮನ ಮಾತೆಂದರೆ ಮಾತು. ಶಹಾಪುರದ ಕಡೆಯಿಂದ ಬಂದು ಹದಿನೈದು ವರ್ಷ ಇಟ್ಟಿಗೆ ಹೊತ್ತವಳು. ಅರ್ಧ ಪುಣೆ ತನ್ನ ತಲೆಯ ಮೇಲಿಂದಲೇ ಎದ್ದಿದೆ ಎನ್ನುತ್ತಿದ್ದಳು. ಅದರಲ್ಲಿ ಅರ್ಧವಾದರೂ ನಿಜ. ಮನೆಯ ಬಡತನ ಬೀದಿಗೆ ಬೀಳಬಾರದೆಂಬುದು ಅವಳ ಹಟ. ಹಿಟ್ಟಿನ ಡಬ್ಬಿ ಖಾಲಿ ಇದ್ದ ದಿನವೂ ಬಂದವರಿಗೆ ಚಹಾ ಕೊಡದೆ ಕಳಿಸಿದವಳಲ್ಲ.

೨೦೦೩ರಲ್ಲಿ ಮಳೆಗಾಲ ಮುಗಿದ ಮೇಲೆ ಬಿಂದುಮಾಧವ ಬಂದ. ಧಾರವಾಡದವನು, ಪುಣೆಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ. ಊರಿನ ಗಾಳಿ ಶುದ್ಧವಾಗಲೆಂದು ಕಟ್ಟಿಗೆ ಒಲೆ ನಿಲ್ಲಿಸುವ ಮಾತು ಪಾಲಿಕೆಯಲ್ಲಿ ನಡೆದಿತ್ತು. ನಿಲ್ಲಿಸಿದರೆ ಪೆಟ್ಟು ಯಾರ ಹೊಟ್ಟೆಗೆ ಬೀಳುತ್ತದೆ ಎಂಬುದು ಅವನ ಪ್ರಶ್ನೆ. "ನಾಳೆ ಬಂದು ಎಲ್ಲಾರ ಮನಿ ಒಲಿ ನೋಡ್ತೀನ್ರಿ" ಎಂದು ಮೊದಲೇ ಹೇಳಿ ಹೋದದ್ದೇ ಅವನ ತಪ್ಪು.

ಮನೆಗೆ ಬಂದ ಸಾಹೇಬ ಹೊಗೆಗೆ ಕೆಮ್ಮಿದರೆ ಮಾನ ಉಳಿಯುತ್ತದೆಯೇ? ಸಾಲಿನಲ್ಲಿ ಗ್ಯಾಸು ಇದ್ದದ್ದು ರಂಗೂಬಾಯಿ ಒಬ್ಬಳ ಮನೆಯಲ್ಲಿ. ಚಂದಮ್ಮ ಅವಳ ಸಿಲಿಂಡರು, ಒಲೆ ಎರಡನ್ನೂ ತಂದಿಟ್ಟು, ತನ್ನ ಮಣ್ಣಿನ ಒಲೆಯ ಮೇಲೆ ಬುಟ್ಟಿ ಬೋರಲು ಹಾಕಿದಳು. ಪಕ್ಕದ ಮನೆಯ ಸಾಬವ್ವ ಅದನ್ನು ನೋಡಿದಳು. ಅವಳೇನು ಕಡಿಮೆ? ಬಿಂದುಮಾಧವ ಚಂದಮ್ಮನ ಮುಂಬಾಗಿಲು ದಾಟಿ ಹೊರಬರುವಷ್ಟರಲ್ಲಿ ಗ್ಯಾಸು ಹಿತ್ತಲಿನಿಂದ ಸಾಬವ್ವನ ಮನೆ ಸೇರಿತ್ತು. ಹೀಗೆ ಹನ್ನೆರಡು ಮನೆ. ಹನ್ನೆರಡು ಕಪ್ಪು ಚಹಾ ಕುಡಿದು ಅವನು ಬೆವೆತಿದ್ದ. ಸಿಲಿಂಡರು ಹೊತ್ತವರು ಇನ್ನೂ ಹೆಚ್ಚು ಬೆವೆತಿದ್ದರು. ಅಷ್ಟು ಓದಿದವನಿಗೆ ಇಷ್ಟು ತಿಳಿಯಲಿಲ್ಲವೇ ಎಂದರೆ, ತಿಳಿಯಲಿಲ್ಲ.

ಹದಿನೈದು ದಿನಕ್ಕೆ ಮತ್ತೆ ಬಂದ. ಮುಖ ಅರಳಿತ್ತು.

"ಚಂದಮ್ಮನವರ, ನಿಮ್ಮ ಸಾಲಿನಾಗ ಎಲ್ಲಾರ ಮನ್ಯಾಗೂ ಗ್ಯಾಸ್ ಅದ. ಕಟ್ಟಿಗಿ ಒಲಿ ಬಂದ್ ಮಾಡಿದ್ರ ನಿಮಗೇನೂ ತ್ರಾಸ ಇಲ್ಲ, ಸವಲತ್ತೂ ಬ್ಯಾಡ ಅಂತ ಬರದೀನ್ರಿ. ನಾಳೆ ಪಾಲಿಕೆಗೆ ಒಪ್ಪಸ್ತೀನಿ."

ಒಲೆಯನ್ನೇ ಕಿತ್ತರೆ ರೊಟ್ಟಿ ಸುಡುವುದು ಎಲ್ಲಿ? ನಿಜ ಹೇಳೋಣವೆಂದರೆ ಇಡೀ ಸಾಲಿನ ಹೆಂಗಸರು ಬಾಗಿಲಲ್ಲೇ ನಿಂತಿದ್ದರು. ಚಂದಮ್ಮನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ಒಳಗ ಬರ್ರಿ" ಎಂದಳು. ಒಲೆಗೆ ಹಸಿ ಕಟ್ಟಿಗೆ ತುರುಕಿ, ಊದುಗೊಳವೆಯನ್ನು ಅವನ ಕೈಗಿಟ್ಟಳು. "ಊದ್ರಿ."

ಅವನು ಊದಿದ. ಕಣ್ಣು ಮೂಗು ಎರಡೂ ಒಟ್ಟಿಗೆ ಹರಿಯತೊಡಗಿದವು.

"ನಮ್ಮದು ಇದೇ ನೋಡ್ರಿ. ಅವತ್ತಿಂದು ರಂಗೂಬಾಯಿದು."

"ಉಳಿದ ಮನ್ಯಾಗ?" ಎಂದ, ಕೆಮ್ಮುತ್ತ.

"ನಮ್ಮನಿದು ಅಷ್ಟೇ ಬರ್ಕೋರಿ. ಮಂದಿ ಬಡತನ ಹೇಳ್ಲಿಕ್ಕ ನಾ ಯಾರು?"

ಚಂದಮ್ಮನ ಒಲೆಯೊಂದೇ ಕಾಗದ ಹತ್ತುವುದೇ? ಸಾಬವ್ವನಿಗೆ ತಡೆಯಲಾಗಲಿಲ್ಲ. "ಇದೇನ್ ಹೊಗಿರಿ ಸಾಹೇಬ್ರ! ನಮ್ಮ ಮನಿಗಿ ಬಂದು ನೋಡ್ರಿ, ಎದುರಿಗಿದ್ದ ಮನಷ್ಯಾ ಕಾಣಲ್ಲ!" ಆಮೇಲೆ ಒಬ್ಬೊಬ್ಬಳೂ ಅವನನ್ನು ತನ್ನ ಒಲೆಗೆ ಕರೆಯುವವಳೇ. ರಂಗೂಬಾಯಿಯೂ ಹಿಂದೆ ಬೀಳಲಿಲ್ಲ. "ನಂದೂ ಬರ್ಕೋರಿ! ಇವರ ಚಹಾಕ್ಕ ನನ್ನ ಸಿಲಿಂಡರ್ ಮುಗದು ಹೋಗ್ಯಾದ."

ಬಿಂದುಮಾಧವ ಕಣ್ಣೊರೆಸಿಕೊಂಡು, ಬರೆದದ್ದನ್ನೆಲ್ಲ ಹೊಡೆದು ಹಾಕಿ, ಸಾಬವ್ವನ ಮನೆಯತ್ತ ನಡೆದ. ಇಷ್ಟು ವರ್ಷ ತಾನು ನಾಚಿ ಮುಚ್ಚಿಟ್ಟ ಬಡತನ ಎಲ್ಲರ ಮನೆಯಲ್ಲೂ ಒಂದೇ ಇತ್ತಲ್ಲ ಎನಿಸಿ ಚಂದಮ್ಮನಿಗೆ ಅಳು ಬಂತು. ಹೊಗೆ ಇದ್ದದ್ದು ಅನುಕೂಲವಾಯಿತು.